ಹೊಗೆ ಹೋಗೋ ದಾರಿಯಲ್ಲೇ ನೀರು ಬಂದರೆ: ದೋಣಿ ಇಂಜಿನ್‌ನಿಂದ ಸಬ್‌ಮರೀನ್‌ವರೆಗೆ ಒಂದು ಪೈಪಿನ ಇತಿಹಾಸ

ಇವತ್ತಿನ ಎಪಿಸೋಡ್ ಒಂದು ಪೈಪಿನ ಬಗ್ಗೆ. ನಗಬೇಡಿ, ಈ ಪೈಪಿಗೆ ನೂರಾರು ಜನರ ಜೀವ ಹೋಗಿದೆ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ಮಳೆನೀರು ನುಗ್ಗಿ, ಬೇಸ್‌ಮೆಂಟಿನಲ್ಲಿ ನಿಂತಿದ್ದ ಕಾರುಗಳೆಲ್ಲ ಮುಳುಗಿದ್ದು ನೆನಪಿದೆಯಲ್ವಾ? ಆಗ ವಾಟ್ಸಾಪಿನಲ್ಲಿ ಓಡಾಡಿದ ಸಲಹೆಗಳಲ್ಲಿ ಒಂದು ಮಾತ್ರ ನಿಜಕ್ಕೂ ಉಪಯೋಗದ್ದು: ನೀರಲ್ಲಿ ಮುಳುಗಿದ್ದ ಕಾರನ್ನು ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಬೇಡಿ. ಯಾಕೆ ಅಂದ್ರೆ, ಇಂಜಿನ್ ಕೆಲಸ ಮಾಡೋದೇ ಗಾಳಿಯನ್ನು ಅದುಮಿ. ಪಿಸ್ಟನ್ ಮೇಲಕ್ಕೆ ಬರುತ್ತೆ, ಗಾಳಿ ಕುಗ್ಗುತ್ತೆ. ಅದೇ ಜಾಗದಲ್ಲಿ ನೀರಿದ್ದರೆ? ನೀರು ಕುಗ್ಗಲ್ಲ. ಪಿಸ್ಟನ್ ಹೋಗಿ ಗೋಡೆಗೆ ಗುದ್ದಿದ ಹಾಗೆ ಗುದ್ದುತ್ತೆ, ಕನೆಕ್ಟಿಂಗ್ ರಾಡ್ ಬಾಗುತ್ತೆ, ಇಂಜಿನ್ ಕಥೆ ಮುಗೀತು. ಇದಕ್ಕೆ ಹೈಡ್ರೋಲಾಕ್ ಅಂತ ಹೆಸರು. ಇನ್ಶೂರೆನ್ಸ್ ಕಂಪನಿಗಳು ಇದಕ್ಕೆಂದೇ ಬೇರೆ ಆ್ಯಡ್-ಆನ್ ಮಾರುತ್ತವೆ. ನಾನು ಬಿ.ಕಾಂ. ಓದಿದ್ದು, ಇಂಜಿನ್ ಬಗ್ಗೆ ಮೊದಲ ಬಾರಿ ತಲೆ ಕೆಡಿಸಿಕೊಂಡಿದ್ದೇ ಆ ಪಾಲಿಸಿಯ ಸಣ್ಣ ಅಕ್ಷರ ಓದುವಾಗ.

ಕಾರಿಗೆ ಈ ಪರಿಸ್ಥಿತಿ ಹತ್ತು ವರ್ಷಕ್ಕೊಮ್ಮೆ ಬರಬಹುದು. ದೋಣಿಗೆ? ಅದು ಇರೋದೇ ನೀರಿನಲ್ಲಿ. ಇಂಜಿನ್ ಒಳಗಡೆ ಇರುವ ಯಾವ ದೋಣಿಯನ್ನೇ ತಗೊಳ್ಳಿ, ಹೊಗೆ ಹೊರಗೆ ಹೋಗೋಕೆ ಒಂದು ತೂತು ಬೇಕೇ ಬೇಕು. ಆ ತೂತಿನ ಆಚೆ ಸಮುದ್ರ, ಈಚೆ ಸಿಲಿಂಡರ್. ನಡುವೆ ಕೆಲವು ಅಡಿ ಪೈಪು, ಅಷ್ಟೇ.

ಮೊದಲು ಹೀಗಿರಲಿಲ್ಲ. ಸ್ಟೀಮ್ ಕಾಲದಲ್ಲಿ ಬಾಯ್ಲರ್ ಬೆಂಕಿ ಉರಿಯಬೇಕಾದರೆ ಹೊಗೆ ಮೇಲಕ್ಕೇ ಹೋಗಬೇಕು, ನಮ್ಮಜ್ಜಿ ಮನೆಯ ಬಚ್ಚಲ ಒಲೆ ಥರ. ಅದಕ್ಕೇ ಹಳೇ ಹಡಗುಗಳ ಚಿತ್ರ ಬರೆಯಿರಿ ಅಂದ್ರೆ ಮಕ್ಕಳು ಮೊದಲು ಬರೆಯೋದು ಎತ್ತರದ ಚಿಮಣಿ. 1886ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್, ವಿಲ್ಹೆಲ್ಮ್ ಮೇಬಾಕ್ ಇಬ್ಬರೂ ಸೇರಿ ನೆಕ್ಕರ್ ನದಿಯಲ್ಲಿ ತಮ್ಮ ಪುಟ್ಟ ಇಂಜಿನ್ ಕೂರಿಸಿದ ದೋಣಿ ಓಡಿಸಿದರು. ಇಂಥ ಇಂಜಿನ್‌ನಲ್ಲಿ ಹೊಗೆ ತಾನಾಗಿ ಮೇಲೇರಬೇಕಾಗಿಲ್ಲ. ಪಿಸ್ಟನ್ನೇ ಅದನ್ನು ಒತ್ತಿ ಹೊರಗೆ ತಳ್ಳುತ್ತೆ. ಅಂದಮೇಲೆ ಚಿಮಣಿ ಯಾಕೆ? ಪೈಪನ್ನು ಪಕ್ಕಕ್ಕೆ ತಿರುಗಿಸಬಹುದು, ಹಿಂದಕ್ಕೆ ತಿರುಗಿಸಬಹುದು, ಬೇಕಿದ್ದರೆ ನೀರಿನ ಕೆಳಗೇ ಬಿಡಬಹುದು. ಅನುಕೂಲ ಬಂದದ್ದೂ ಅಲ್ಲಿಂದಲೇ, ಅಪಾಯ ಬಂದದ್ದೂ ಅಲ್ಲಿಂದಲೇ.

ಇವತ್ತು ಬಹುಪಾಲು ಮೋಜಿನ ದೋಣಿಗಳಲ್ಲಿ, ಯಾಟ್‌ಗಳಲ್ಲಿ ಇರೋದು ವೆಟ್ ಎಕ್ಸಾಸ್ಟ್. ಹೆಸರೇ ಹೇಳೋ ಹಾಗೆ, ಹೊಗೆಯ ಜೊತೆ ನೀರನ್ನೂ ಬಿಡೋ ಪದ್ಧತಿ. ಕೇಳಿದರೆ ಹುಚ್ಚಾಟ ಅನ್ಸುತ್ತೆ. ಆದರೆ ಡೀಸೆಲ್ ಇಂಜಿನ್ ಹೊಗೆ ನೂರಾರು ಡಿಗ್ರಿ ಸುಡುತ್ತಿರುತ್ತೆ. ಮರದ ದೋಣಿಯ ಹೊಟ್ಟೆಯೊಳಗೆ ಅಂಥ ಪೈಪು ಹಾಯಿಸಿದರೆ ಬೆಂಕಿ ಹತ್ತೋದು ಗ್ಯಾರಂಟಿ. ಹಾಗಾಗಿ ಇಂಜಿನ್ ತಂಪು ಮಾಡಿದ ಸಮುದ್ರದ ನೀರನ್ನೇ ತಂದು, ಹೊಗೆ ಹೊರಬರುವ ಮೊಣಕೈ ಆಕಾರದ ಪೈಪಿಗೆ ಬಿಡ್ತಾರೆ. ಇದನ್ನು ಎಲ್ಬೋ ಅಂತಾರೆ. ಅಲ್ಲಿ ಹೊಗೆ ಒಮ್ಮೆಲೇ ತಣ್ಣಗಾಗುತ್ತೆ, ಎಷ್ಟು ಅಂದ್ರೆ ಅಲ್ಲಿಂದ ಮುಂದೆ ರಬ್ಬರ್ ಹೋಸ್ ಸಾಕು. ಸದ್ದೂ ಕಮ್ಮಿ. ಆಮೇಲೆ ನೀರು ಸೈಲೆನ್ಸರ್ ಡಬ್ಬಿಗೆ ಬಂದು ನಿಲ್ಲುತ್ತೆ, ಹೊಗೆಯ ಒತ್ತಡ ಅದನ್ನು ಎತ್ತಿ ಹಿಂದಿನಿಂದ ಹೊರಗೆ ಉಗುಳುತ್ತೆ. ಯಾಟ್ ಹಿಂದೆ ಪುಚಕ್ ಪುಚಕ್ ಅಂತ ನೀರು ಬೀಳೋದನ್ನು ವಿಡಿಯೋಗಳಲ್ಲಿ ನೋಡಿರ್ತೀರಿ, ಅದೇ ಇದು.

ಇಂಜಿನ್ ಓಡ್ತಾ ಇರೋವರೆಗೂ ಎಲ್ಲ ಸರಿ. ನಿಲ್ಲಿಸಿದ ಮೇಲೆ ನೋಡಿ ತಮಾಷೆ. ನೀರು ತರೋ ಪೈಪು ಸಮುದ್ರಮಟ್ಟಕ್ಕಿಂತ ಕೆಳಗೆ ತೆರೆದಿದೆ, ಅದರ ಇನ್ನೊಂದು ತುದಿ ಎಲ್ಬೋಗೆ ಸೇರಿದೆ. ಎಲ್ಬೋ ಕೂಡ ಸಮುದ್ರಮಟ್ಟಕ್ಕಿಂತ ಕೆಳಗಿದ್ದರೆ ಸೈಫನ್ ಶುರು. ಬೈಕ್ ಟ್ಯಾಂಕಿನಿಂದ ಪೈಪು ಹಾಕಿ ಪೆಟ್ರೋಲ್ ಎಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ, ಗೇಟ್ ಎತ್ತೋರೇ ಬೇಡ ಅನ್ನೋ ಹಾಗೆ ಹೆಚ್ಚಾದ ನೀರನ್ನು ತಾನಾಗಿ ಹೊರಹಾಕೋದೂ ಇದೇ ಸೈಫನ್. ಅಲ್ಲಿ ಅದು ವರ. ದೋಣಿಯಲ್ಲಿ ಅದು ರಾತ್ರಿಯಿಡೀ ಸದ್ದಿಲ್ಲದೆ ಸೈಲೆನ್ಸರ್ ಡಬ್ಬಿ ತುಂಬಿಸಿ, ಆಮೇಲೆ ಪೈಪು ತುಂಬಿಸಿ, ತೆರೆದಿರುವ ಎಕ್ಸಾಸ್ಟ್ ವಾಲ್ವ್ ಮೂಲಕ ಸಿಲಿಂಡರ್ ಒಳಗೆ ಬಂದು ಕೂರುತ್ತೆ. ಬೆಳಗ್ಗೆ ಮಾಲೀಕ ಬಂದು ಕೀ ತಿರುಗಿಸ್ತಾನೆ. ಠಕ್.

ಇದಕ್ಕೆ ಮದ್ದು ತುಂಬಾ ಸರಳ, ಬೆಲೆಯೂ ಕಡಿಮೆ. ನೀರಿನ ಪೈಪನ್ನು ಸಮುದ್ರಮಟ್ಟಕ್ಕಿಂತ ಚೆನ್ನಾಗಿ ಮೇಲಕ್ಕೆ ಒಯ್ದು ಕಮಾನಿನ ಹಾಗೆ ಇಳಿಸಿ, ಕಮಾನಿನ ನೆತ್ತಿಯಲ್ಲಿ ಗಾಳಿ ಒಳಬಿಡೋ ಪುಟ್ಟ ವಾಲ್ವ್ ಇಡೋದು. ಇಂಜಿನ್ ನಿಂತ ಕೂಡಲೇ ಗಾಳಿ ಹೊಕ್ಕು ಸೈಫನ್ ಮುರಿಯುತ್ತೆ. ಆದರೆ ಆ ವಾಲ್ವ್‌ನಲ್ಲಿ ಉಪ್ಪು ಕಟ್ಟಿಕೊಂಡರೆ ಅದು ಇದ್ದೂ ಇಲ್ಲದ ಹಾಗೆ, ಅದಕ್ಕೇ ಆಗಾಗ ಬಿಚ್ಚಿ ಸಿಹಿನೀರಲ್ಲಿ ತೊಳೀಬೇಕು. ಇನ್ನೊಂದು, ಇಂಜಿನ್ ಸ್ಟಾರ್ಟ್ ಆಗ್ತಿಲ್ಲ ಅಂತ ಸೆಲ್ಫ್ ಒತ್ತುತ್ತಲೇ ಇರಬಾರದು. ಒತ್ತಿದಾಗಲೆಲ್ಲ ಪಂಪು ನೀರು ತಳ್ಳುತ್ತೆ, ಅದನ್ನು ಹೊರಗೆ ಉಗುಳೋಕೆ ಹೊಗೆಯ ಒತ್ತಡ ಮಾತ್ರ ಇರಲ್ಲ. ಡಬ್ಬಿ ತುಂಬಿದ ಮೇಲೆ ನೀರು ಹಿಂದಕ್ಕೇ ಬರಬೇಕು. ಹಾಗೆ ಒತ್ತಲೇಬೇಕಾದ ಸಂದರ್ಭ ಬಂದರೆ ಮೊದಲು ಸಮುದ್ರದ ನೀರಿನ ಕಾಕ್ ಮುಚ್ಚಿ, ಇಂಜಿನ್ ಹತ್ತಿಕೊಂಡ ತಕ್ಷಣ ತೆಗೀಬೇಕು. ಮರೆತರೆ ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗುತ್ತೆ, ಅದು ಬೇರೆ ಖರ್ಚು.

ಎಲ್ಬೋ ವಿಷಯ ಇನ್ನೂ ಮೋಸದ್ದು. ಸುಡುವ ಹೊಗೆ, ಉಪ್ಪುನೀರು, ಡೀಸೆಲ್‌ನಲ್ಲಿರೋ ಗಂಧಕದಿಂದ ಹುಟ್ಟುವ ಆಮ್ಲ, ಮೂರೂ ಒಂದೇ ಜಾಗದಲ್ಲಿ. ಅದು ಒಳಗಿನಿಂದ ತಿಂದುಕೊಂಡು ಬರುತ್ತೆ. ಹೊರಗಿನಿಂದ ಬಣ್ಣ ಹೊಳೀತಾ ಇರುತ್ತೆ. ಒಳಗೆ ನೀರಿನ ಗೋಡೆ ಕರಗಿ ನೇರ ಇಂಜಿನ್ ಕಡೆ ತೊಟ್ಟಿಕ್ಕುತ್ತಿರುತ್ತೆ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳೋದಾದ್ರೆ ಎಲ್ಬೋ ಆಸ್ತಿ ಅಲ್ಲ, ಖರ್ಚು. ಕೊಂಡ ದಿನದಿಂದಲೇ ಸವಕಳಿ ಬರೆಯುತ್ತಾ ಹೋಗಬೇಕು, ಗಡುವು ಬಂದಾಗ ಚೆನ್ನಾಗೇ ಕಾಣ್ತಿದ್ದರೂ ಬಿಚ್ಚಿ ನೋಡಬೇಕು.

ಇಷ್ಟು ಹೇಳಿದ್ದು ಯಾಕೆ ಅಂದ್ರೆ, ಈಗ ಇದೇ ತೂತನ್ನು ತಗೊಂಡು ಒಂದು ಹಡಗನ್ನೇ ನೀರಿನೊಳಗೆ ಮುಳುಗಿಸಿದರೆ ಏನಾಗುತ್ತೆ ಅನ್ನೋದಕ್ಕೆ ಹೋಗೋಣ.

ಮೊದಲನೇ ಮಹಾಯುದ್ಧ. ಬ್ರಿಟಿಷ್ ನೌಕಾಪಡೆಗೆ ಯುದ್ಧನೌಕೆಗಳ ಜೊತೆಜೊತೆಗೇ ಓಡೋ ಸಬ್‌ಮರೀನ್ ಬೇಕಿತ್ತು, 24 ನಾಟ್ ವೇಗ. ಆಗಿನ ಡೀಸೆಲ್ ಇಂಜಿನ್‌ಗಳಿಗೆ ಅಷ್ಟು ಶಕ್ತಿ ಇರಲಿಲ್ಲ. ಸರಿ, ಸ್ಟೀಮ್ ಹಾಕಿಬಿಡೋಣ ಅಂದರು! ಕೆ-ಕ್ಲಾಸ್ ಅಂತ ಹೆಸರು. ಮುಳುಗೋ ಹಡಗಿಗೆ ಬಾಯ್ಲರ್, ಎರಡು ಚಿಮಣಿ. ಮುಳುಗೋ ಮೊದಲು ಚಿಮಣಿ ಮಡಚಬೇಕು, ಅದರ ಬುಡಕ್ಕೆ ಮುಚ್ಚಳ ಹಾಕಬೇಕು, ಬಾಯ್ಲರ್‌ಗೆ ಗಾಳಿ ತರೋ ದೊಡ್ಡ ದೊಡ್ಡ ತೂತುಗಳನ್ನೆಲ್ಲ ಮುಚ್ಚಬೇಕು. ಇಷ್ಟೂ ಆಗೋಕೆ ನಿಮಿಷಗಳೇ ಬೇಕು. ತೂತು ಜಾಸ್ತಿ ಆದಷ್ಟೂ ಮರೆಯೋ ಅವಕಾಶ ಜಾಸ್ತಿ ಅನ್ನೋದು ಯಾರಿಗೂ ಹೊಳೆಯಲಿಲ್ಲವಾ? ಹೊಳೆದಿತ್ತು, ಆದರೆ ವೇಗದ ಆಸೆ ಗೆದ್ದಿತು ಅಂತ ನನ್ನ ಅಭಿಪ್ರಾಯ.

1917ರ ಜನವರಿ 29. ಸ್ಕಾಟ್‌ಲೆಂಡಿನ ಗೇರ್‌ಲಾಕ್ ಅನ್ನೋ ಹಿನ್ನೀರು. ಕೆ-13ರ ಪರೀಕ್ಷಾ ಓಟ. ಒಳಗೆ 80 ಜನ, ನೌಕಾಪಡೆಯವರಷ್ಟೇ ಅಲ್ಲ, ಹಡಗು ಕಟ್ಟಿದ ಫೇರ್‌ಫೀಲ್ಡ್ ಯಾರ್ಡಿನ ಕೆಲಸಗಾರರೂ ಇದ್ದರು. ಮುಳುಗೋಕೆ ಶುರು ಮಾಡಿದ ಕೂಡಲೇ ಹಿಂಭಾಗಕ್ಕೆ ನೀರು ನುಗ್ಗಿತು. ಹಡಗು ಹೋಗಿ ತಳದಲ್ಲಿ ಕೂತಿತು. ಆಮೇಲೆ ವಿಚಾರಣೆಯಲ್ಲಿ ಗೊತ್ತಾಗಿದ್ದು ಏನು? ಬಾಯ್ಲರ್ ಕೋಣೆಗೆ ಗಾಳಿ ತರೋ, 37 ಇಂಚು ಅಗಲದ ನಾಲ್ಕು ತೂತುಗಳು ತೆರೆದೇ ಇದ್ದವು. 37 ಇಂಚು ಅಂದ್ರೆ ಒಬ್ಬ ಮನುಷ್ಯ ಆರಾಮಾಗಿ ತೂರಬಹುದು. ಅವು ತೆರೆದಿವೆ ಅಂತ ತೋರಿಸೋ ಸೂಚಕವೂ ಇತ್ತು, ಅದು ಸರಿಯಾಗಿ ‘ತೆರೆದಿದೆ’ ಅಂತಲೇ ತೋರಿಸ್ತಾ ಇತ್ತು.

ಮುಂಭಾಗದಲ್ಲಿ ಬದುಕಿದ್ದವರು ಕಬ್ಬಿಣದ ಗೋಡೆಯ ಹಿಂದೆ ಸಿಕ್ಕಿಕೊಂಡರು. ಕ್ಯಾಪ್ಟನ್ ಗಾಡ್‌ಫ್ರೀ ಹರ್ಬರ್ಟ್, ಜೊತೆಗೆ ಮುಂದೆ ಕೆ-14ರ ಹೊಣೆ ಹೊರಬೇಕಿದ್ದ ಫ್ರಾನ್ಸಿಸ್ ಗುಡ್‌ಹಾರ್ಟ್, ಇಬ್ಬರೂ ಮೇಲಿನ ಗೋಪುರಕ್ಕೆ ಹತ್ತಿದರು. ಗುಡ್‌ಹಾರ್ಟ್ ಒಬ್ಬರೇ ಹೊರಗೆ ಹೋಗಿ, ನೀರಿನ ಮೇಲೆ ಬಂದು ಸಹಾಯ ತರೋದು, ಹರ್ಬರ್ಟ್ ಮತ್ತೆ ಒಳಗಿಳಿಯೋದು ಅಂತ ಮಾತಾಗಿತ್ತು. ನುಗ್ಗಿದ ಗಾಳಿ ಹರ್ಬರ್ಟ್‌ರನ್ನೂ ಎತ್ತಿ ಹೊರಗೆ ಎಸೆಯಿತು. ಅವರು ಬದುಕಿ ಮೇಲೆ ಬಂದರು. ಹೋಗಬೇಕಿದ್ದ ಗುಡ್‌ಹಾರ್ಟ್ ಸತ್ತರು. ಹೊರಗಿನಿಂದ ಗಾಳಿಯ ಪೈಪು ಜೋಡಿಸಿ, ಹಡಗಿನ ಮೂತಿಯನ್ನು ನೀರಿನ ಮೇಲಕ್ಕೆ ಎತ್ತಿ, ಕಬ್ಬಿಣ ಕೊರೆದು ಉಳಿದವರನ್ನು ಹೊರಗೆ ತೆಗೆಯುವಾಗ 57 ಗಂಟೆ ಕಳೆದಿತ್ತು. ಸತ್ತವರು 32. ಆ ಬದುಕುಳಿದವರಲ್ಲಿ ಚಾರ್ಲ್ಸ್ ಫ್ರೀಸ್ಟೋನ್ ಅನ್ನೋರು ಮುಂದೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು, ಸಿಡ್ನಿಯ ಕಾರ್ಲಿಂಗ್‌ಫರ್ಡ್‌ನಲ್ಲಿ ಅವರಿಂದಾಗಿ ಕೆ-13ಕ್ಕೆ ಒಂದು ಸ್ಮಾರಕ ಇದೆ. ಸ್ಕಾಟ್‌ಲೆಂಡಿನ ದುಃಖ, ಆಸ್ಟ್ರೇಲಿಯಾದ ಒಂದು ಬಡಾವಣೆಯಲ್ಲಿ.

ನೌಕಾಪಡೆ ಏನು ಮಾಡಿತು ಗೊತ್ತಾ? ಹಡಗನ್ನು ಮೇಲೆತ್ತಿ, ರಿಪೇರಿ ಮಾಡಿ, ಕೆ-22 ಅಂತ ಹೆಸರು ಬದಲಾಯಿಸಿ ಮತ್ತೆ ಸಮುದ್ರಕ್ಕೆ ಬಿಟ್ಟಿತು. ಕಟ್ಟಿದ 18 ಕೆ-ಕ್ಲಾಸ್‌ಗಳಲ್ಲಿ ಒಂದೂ ಶತ್ರುವಿನ ಕೈಯಲ್ಲಿ ಮುಳುಗಲಿಲ್ಲ. ಆರು ಮುಳುಗಿದ್ದು ಅಪಘಾತಗಳಲ್ಲಿ.

ಡೀಸೆಲ್ ಇಂಜಿನ್ ಬಲಿತ ಮೇಲೆ ಚಿಮಣಿ ಸಮಸ್ಯೆ ಹೋಯಿತು, ಗಾಳಿ ಸಮಸ್ಯೆ ಉಳಿಯಿತು. ಡೀಸೆಲ್‌ಗೆ ಗಾಳಿ ಬೇಕು, ಹಾಗಾಗಿ ಸಬ್‌ಮರೀನ್ ಮೇಲೆ ಬಂದು ಬ್ಯಾಟರಿ ಚಾರ್ಜ್ ಮಾಡ್ಕೊಳ್ಳಬೇಕು. ನಮ್ಮ ಫೋನ್ ಥರಾನೇ, ಚಾರ್ಜರ್ ಹತ್ತಿರ ಬಂದಾಗಲೇ ಕಳ್ಳತನಕ್ಕೆ ಸುಲಭ. ಇದಕ್ಕೆ 1930ರ ದಶಕದಲ್ಲಿ ಡಚ್ ನೌಕಾಪಡೆಯ ಅಧಿಕಾರಿ ಯಾನ್ ಯಾಕೋಬ್ ವಿಚರ್ಸ್ ಒಂದು ದಾರಿ ಕಂಡುಕೊಂಡರು. ಹಡಗು ನೀರಿನ ಕೆಳಗೇ ಇರಲಿ, ಗಾಳಿಗೆ ಒಂದು ಪೈಪು ಮಾತ್ರ ಮೇಲೆ ಚಾಚಲಿ. ಡಚ್ಚರು ಅದನ್ನು ಮೂಸುವ ಸಾಧನ ಅನ್ನೋ ಅರ್ಥದ ಹೆಸರಿನಿಂದ ಕರೆದರು. 1940ರ ಮೇನಲ್ಲಿ ಜರ್ಮನಿ ಹಾಲೆಂಡ್ ಹಿಡಿಯಿತು. ಕೆಲವು ಡಚ್ ಸಬ್‌ಮರೀನ್‌ಗಳು ತಪ್ಪಿಸಿಕೊಂಡು ಬ್ರಿಟನ್ ಸೇರಿದವು, ಬ್ರಿಟಿಷರು ಆ ಪೈಪನ್ನು ಕಿತ್ತುಹಾಕಿದರು. ಅರ್ಧ ಕಟ್ಟಿದ್ದ ಕೆಲವು ಜರ್ಮನರ ಕೈಗೆ ಸಿಕ್ಕವು, ಅವರೂ ಮೊದಲು ಮೂಲೆಗೆ ಹಾಕಿದರು. ಮೂರು ವರ್ಷ ಆದಮೇಲೆ, ರೇಡಾರ್ ಇಟ್ಟುಕೊಂಡ ವಿಮಾನಗಳು ರಾತ್ರಿ ಹೊತ್ತೂ ಬೇಟೆ ಆಡೋಕೆ ಶುರು ಮಾಡಿದಾಗ, ಆ ಮೂಲೆಯ ಪೈಪು ನೆನಪಾಯಿತು. ಜರ್ಮನರು ಅದಕ್ಕಿಟ್ಟ ಹೆಸರೇ ಇವತ್ತು ಗೋವಾದಲ್ಲಿ, ಮುರುಡೇಶ್ವರದ ನೇತ್ರಾಣಿಯಲ್ಲಿ ಮುಖಕ್ಕೆ ಕಟ್ಟಿಕೊಂಡು ಮೀನು ನೋಡೋ ಸಾಧನಕ್ಕೆ ಇರೋದು: ಸ್ನಾರ್ಕೆಲ್.

ಕೇಳೋಕೆ ಚೆನ್ನಾಗಿದೆ. ಒಳಗೆ ಕೂತವರ ಪಾಡು ಕೇಳಿ. ಪೈಪಿನ ತಲೆಯಲ್ಲಿ ತೇಲುವ ಮುಚ್ಚಳ ಇರುತ್ತೆ, ಅಲೆ ಬಂದರೆ ಅದು ಮುಚ್ಚಿಕೊಳ್ಳುತ್ತೆ. ನೀರು ಬರಲ್ಲ, ಆದರೆ ಗಾಳಿಯೂ ಬರಲ್ಲ. ಇಂಜಿನ್ ಸುಮ್ಮನಿರುತ್ತಾ? ಹಡಗಿನೊಳಗಿನ ಗಾಳಿಯನ್ನೇ ಎಳ್ಕೊಳ್ಳುತ್ತೆ. ಎಲ್ಲರ ಕಿವಿ ಸಿಡಿಯೋ ಹಾಗಾಗುತ್ತೆ, ಅಲೆ ಸರಿದ ಮೇಲೆ ಗಾಳಿ ಧಡ್ ಅಂತ ವಾಪಸ್. ರಾತ್ರಿಯೆಲ್ಲ ಹೀಗೆ. ಎಕ್ಸಾಸ್ಟ್ ಕಡೆ ಇನ್ನೊಂದು ಕಥೆ. ಹೊಗೆ ಕಾಣಬಾರದು ಅಂತ ಅದನ್ನು ನೀರಿನ ಮಟ್ಟದ ಸ್ವಲ್ಪ ಕೆಳಗೆ ಬಿಡ್ತಾರೆ. ಹಡಗು ಒಂಚೂರು ಹೆಚ್ಚು ಇಳಿದರೂ ನೀರಿನ ಭಾರ ಹೊಗೆಯನ್ನು ತಡೆಯುತ್ತೆ, ಅದು ಒಳಗೇ ಸೋರುತ್ತೆ, ಕಾರ್ಬನ್ ಮಾನಾಕ್ಸೈಡ್ ವಿಷ. ಅದೇ ಹೊತ್ತಲ್ಲಿ ಇಂಜಿನ್ ನಿಂತುಹೋದರೆ, ತಳ್ಳೋರು ಯಾರೂ ಇಲ್ಲದ ಪೈಪಿನಲ್ಲಿ ಸಮುದ್ರವೇ ಹಿಂದಕ್ಕೆ ಬರುತ್ತೆ, ನಮ್ಮ ಯಾಟ್ ಕಥೆಯ ಹಾಗೇ. ತಡೆಯೋಕೆ ಇದ್ದದ್ದು ಎಕ್ಸಾಸ್ಟ್ ವಾಲ್ವ್. ಅದರ ಅಂಚಿಗೆ ಮಸಿ ಕಟ್ಟಿದರೆ ಪೂರ್ತಿ ಮುಚ್ಚಿಕೊಳ್ಳಲ್ಲ. ಹಾಗಾಗಿ ಜರ್ಮನ್ ಸಿಬ್ಬಂದಿ ಆ ವಾಲ್ವ್ ಅನ್ನು ಆಗಾಗ ತಿರುಗಿಸಿ ತಿರುಗಿಸಿ ಉಜ್ಜಬೇಕಾಗಿತ್ತು. ಯುದ್ಧದ ಸಿನಿಮಾಗಳಲ್ಲಿ ಟಾರ್ಪಿಡೊ ತೋರಿಸ್ತಾರೆ, ಮಸಿ ಉಜ್ಜೋನನ್ನು ಅಷ್ಟಾಗಿ ತೋರಿಸಲ್ಲ.

ಇವತ್ತಿಗೂ ದೊಡ್ಡ ಡೀಸೆಲ್ ಇಂಜಿನ್ ಸ್ಟಾರ್ಟ್ ಮಾಡೋ ಮೊದಲು ಪ್ರತಿ ಸಿಲಿಂಡರಿನ ನೆತ್ತಿಯಲ್ಲಿರೋ ಪುಟ್ಟ ಕಾಕ್ ತೆಗೆದು, ಇಂಜಿನ್ ಅನ್ನು ನಿಧಾನಕ್ಕೆ ಒಂದೆರಡು ಸುತ್ತು ತಿರುಗಿಸೋ ಪದ್ಧತಿ ಹಡಗಿನವರಲ್ಲಿದೆ. ಒಳಗೆ ನೀರಿದ್ದರೆ ಅಲ್ಲಿಂದ ಚಿಮ್ಮುತ್ತೆ. ಚಿಮ್ಮಿದರೆ ಬದುಕಿದ ಹಾಗೆ.

ಸ್ನಾರ್ಕೆಲ್ ಕಿತ್ತುಹಾಕಿದ್ದ ಅದೇ ಬ್ರಿಟಿಷರು ಯುದ್ಧ ಮುಗಿದ ಮೇಲೆ ತಮ್ಮ ಸಬ್‌ಮರೀನ್‌ಗಳಿಗೆ ಅದನ್ನು ಜೋಡಿಸಿದರು. 1951ರ ಏಪ್ರಿಲ್ 16ರ ಸಂಜೆ ಎಚ್‌ಎಂಎಸ್ ಅಫ್ರೇ ತರಬೇತಿಗೆ ಅಂತ ಹೊರಟಿತು. ಒಳಗೆ 75 ಜನ, ಅದರಲ್ಲಿ ಕೆಲಸ ಕಲಿಯಲು ಬಂದ ಎಳೆಯ ಅಧಿಕಾರಿಗಳು ಎಷ್ಟೋ ಮಂದಿ, ನಿಮ್ಮ ನನ್ನ ವಯಸ್ಸಿನವರು. ರಾತ್ರಿ ಮುಳುಗ್ತಾ ಇದ್ದೀವಿ ಅಂತ ಸಂದೇಶ ಬಂತು. ಬೆಳಗ್ಗೆ ಬರಬೇಕಾದ ಸಂದೇಶ ಬರಲಿಲ್ಲ.

ಸಿಕ್ಕಿದ್ದು ಎರಡು ತಿಂಗಳ ಮೇಲೆ, ಜೂನ್ 14ರಂದು, ಇಂಗ್ಲಿಷ್ ಕಾಲುವೆಯ ತಳದಲ್ಲಿ. ನೀರೊಳಗೆ ಇಳಿಸಿದ ಟಿವಿ ಕ್ಯಾಮೆರಾದ ಪರದೆಯ ಮೇಲೆ ಹಡಗಿನ ಹೆಸರಿನ ಅಕ್ಷರ ಓದಿದರು, ಆ ಕಾಲಕ್ಕೆ ಅದೇ ದೊಡ್ಡ ಹೊಸ ತಂತ್ರ. ಸ್ನಾರ್ಕೆಲ್ ಕಂಬ ಬುಡದಲ್ಲಿ ಮುರಿದು ಪಕ್ಕಕ್ಕೆ ಬಿದ್ದಿತ್ತು. ಮೇಲೆ ತಂದು ಪರೀಕ್ಷೆ ಮಾಡಿದಾಗ ಬೆಸುಗೆಯಲ್ಲಿ ದೋಷ ಕಂಡಿತು. ಹಾಗಂತ ಕಂಬ ಮುರಿದ ಮಾತ್ರಕ್ಕೆ ಹಡಗು ಮುಳುಗಬೇಕಾಗಿಲ್ಲ, ಅದರ ಕೆಳಗೆ ಹಡಗಿನ ಮೈಯಲ್ಲೇ ಇನ್ನೊಂದು ವಾಲ್ವ್ ಇರುತ್ತೆ, ಅದನ್ನು ಮುಚ್ಚಿದ್ದರೆ ಸಾಕಿತ್ತು. ಯಾಕೆ ಮುಚ್ಚಲಿಲ್ಲ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಬೆಸುಗೆ ಹಾಕಿದವನ ಮೇಲೆ ತಪ್ಪು ಹೊರಿಸಿದರೆ ಎಲ್ಲರಿಗೂ ಅನುಕೂಲ. ಅಷ್ಟು ಹೊಸಬರನ್ನು ತುಂಬಿಕೊಂಡು ಹಾಗೆ ಹೊರಡಿಸಿದ್ದು ಸರಿಯಾ ಅನ್ನೋ ಪ್ರಶ್ನೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತೆ.

ನಮ್ಮ ದೇಶದಲ್ಲಿ ಈ ಪೈಪುಗಳನ್ನೆಲ್ಲ ಹತ್ತಿರದಿಂದ ನೋಡಬೇಕು ಅಂದ್ರೆ ವಿಶಾಖಪಟ್ಟಣದ ಆರ್‌ಕೆ ಬೀಚ್‌ಗೆ ಹೋಗಿ. 1969ರಲ್ಲಿ ಸೇರಿ, 2001ರಲ್ಲಿ ನಿವೃತ್ತವಾದ ಐಎನ್ಎಸ್ ಕುರ್ಸುರಾ ಮರಳ ಮೇಲೆ ಮ್ಯೂಸಿಯಂ ಆಗಿ ನಿಂತಿದೆ. ಹೊರಗಿನಿಂದ ದೈತ್ಯ, ಒಳಗೆ ಹೋದರೆ ಬಿಎಂಟಿಸಿ ಬಸ್ಸಿನಷ್ಟೂ ಜಾಗ ಇಲ್ಲ, ಎಲ್ಲಿ ನೋಡಿದರೂ ವಾಲ್ವ್ ಚಕ್ರಗಳು. ಹೊಸದರ ಕಥೆಯೂ ಬೇರೆಯೇನಲ್ಲ. 2022ರ ಮೇನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಕಾರವಾರ ನೌಕಾನೆಲೆಯಿಂದ ಐಎನ್ಎಸ್ ಖಂಡೇರಿಯಲ್ಲಿ ಸಮುದ್ರದೊಳಗೆ ಹೋಗಿಬಂದ ಸುದ್ದಿ ಓದಿರಬಹುದು. ಅದೂ ಡೀಸೆಲ್-ಎಲೆಕ್ಟ್ರಿಕ್ ಸಬ್‌ಮರೀನ್. ಬ್ಯಾಟರಿ ಖಾಲಿಯಾದರೆ ಅದೂ ಪೈಪು ಮೇಲೆ ಚಾಚಲೇಬೇಕು.

ಕೊನೆಯದು ನಮ್ಮ ಕಾಲದ್ದೇ. 2017ರ ನವೆಂಬರ್ 15. ಅರ್ಜೆಂಟೀನಾದ ಸಬ್‌ಮರೀನ್ ಎಆರ್‌ಎ ಸಾನ್ ಹುವಾನ್, ದಕ್ಷಿಣದ ಉಶುವಾಯಾದಿಂದ ಮಾರ್ ದೆಲ್ ಪ್ಲಾತಾಕ್ಕೆ ವಾಪಸ್ ಬರ್ತಾ ಇತ್ತು. ಒಳಗೆ 44 ಜನ, ಆ ದೇಶದ ಮೊದಲ ಮಹಿಳಾ ಸಬ್‌ಮರೀನ್ ಅಧಿಕಾರಿ ಎಲಿಯಾನಾ ಕ್ರಾವ್ಚಿಕ್ ಕೂಡ. ಕಳಿಸಿದ ಸಂದೇಶದ ಸಾರ ಇಷ್ಟು: ಗಾಳಿಯ ವ್ಯವಸ್ಥೆಯ ಮೂಲಕ ಸಮುದ್ರದ ನೀರು ಮೂರನೇ ಬ್ಯಾಟರಿ ಕೋಣೆಗೆ ಬಂದಿದೆ, ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿಕೊಂಡಿತ್ತು. ಇಲ್ಲಿ ನೀರು ಇಂಜಿನ್‌ಗೆ ಹೋಗಲಿಲ್ಲ, ಬ್ಯಾಟರಿಗೆ ಹೋಯಿತು. ಬಂದದ್ದು ಮಾತ್ರ ಅದೇ ಗಾಳಿಯ ದಾರಿಯಿಂದ. ಆಮೇಲೆ ಹಡಗು ಕಾಣೆಯಾಯಿತು.

ಕುಟುಂಬದವರು ನೌಕಾನೆಲೆಯ ಬೇಲಿಗೆ ಬಾವುಟ, ಪತ್ರ, ಫೋಟೋ ಕಟ್ಟಿ ಕಾದರು. ಸರ್ಕಾರ ಹುಡುಕಾಟ ಬಿಡೋ ಹಂತಕ್ಕೆ ಬಂದಾಗಲೂ ಬಿಡಲಿಲ್ಲ. ಒಂದು ವರ್ಷ ಆದಮೇಲೆ, ಓಷನ್ ಇನ್ಫಿನಿಟಿ ಅನ್ನೋ ಖಾಸಗಿ ಕಂಪನಿಯ ಹಡಗು ಅದನ್ನು 907 ಮೀಟರ್ ಆಳದಲ್ಲಿ ಪತ್ತೆ ಮಾಡಿತು. ಅದಕ್ಕೂ ಹಿಂದಿನ ಒಂದು ಯಾನದಲ್ಲೇ ಅದೇ ದಾರಿಯಿಂದ ನೀರು ಒಳಬಂದಿತ್ತು, ಅದನ್ನು ಮೇಲಿನವರಿಗೆ ವರದಿ ಮಾಡಲಾಗಿತ್ತು ಅನ್ನೋದು ತನಿಖೆಯಲ್ಲಿ ಹೊರಬಂತು. ಬರೆದುಕೊಟ್ಟಿದ್ದರು, ಫೈಲಿನಲ್ಲಿತ್ತು.

ಇವತ್ತಿಗೆ ಇಷ್ಟು. ಸಮುದ್ರದಲ್ಲಿ, ಬೋಟ್ ಯಾರ್ಡಿನಲ್ಲಿ ಕೆಲಸ ಮಾಡೋರು ಯಾರಾದರೂ ಕೇಳ್ತಾ ಇದ್ದರೆ ನಿಮ್ಮ ಅನುಭವ ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಎಪಿಸೋಡಿನಲ್ಲಿ ಹಾಕ್ತೀನಿ. ಸಿಗೋಣ.